ಹನ್ನೊಂದನೇ ವರ್ಷದ ಗಾಳಿ

ಪವನ ವಿದ್ಯುತ್ ಉದ್ಯಮದವರ ಸಂಘದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಾರ್ಯದರ್ಶಿ ಮೇಡಂ ಎನ್ನುತ್ತಿದ್ದರು. ಮನೆಯಲ್ಲಿ, ಅದರಲ್ಲೂ ಸೋದರಮಾವನ ಬಾಯಲ್ಲಿ, ನಲವತ್ತೊಂದು ತುಂಬಿದ ಮೇಲೂ ಅವಳು ಗಿರಗಿಟ್ಲೆಯೇ. ಚಿಕ್ಕವಳಿದ್ದಾಗ ಕೂತಲ್ಲಿ ಕೂರುತ್ತಿರಲಿಲ್ಲ ಎಂದು ಮಾಮ ಇಟ್ಟ ಹೆಸರು ಅದು. ಆ ವರ್ಷದ ಸಮ್ಮೇಳನಕ್ಕಾಗಿ ಅವಳು ಓಡಾಡುತ್ತಿದ್ದುದನ್ನು ನೋಡಿದ ಯಾರಾದರೂ ಹೆಸರು ಸರಿಯಾಗಿಯೇ ಇದೆ ಎನ್ನುತ್ತಿದ್ದರು.

ಸಮ್ಮೇಳನಕ್ಕೆ ಇನ್ನು ಐದು ವಾರ ಉಳಿದಿತ್ತು. ಮೂರು ದಿನ, ಎರಡು ಸಭಾಂಗಣ, ನಾನೂರು ಜನ. ಮೊದಲೆರಡು ದಿನ ಭಾಷಣ, ಗೋಷ್ಠಿ. ಮೂರನೆಯ ದಿನ ಎಲ್ಲರನ್ನೂ ಬಸ್ಸಿನಲ್ಲಿ ಕರೆದೊಯ್ದು ಗುಡ್ಡದ ಮೇಲಿನ ಇಪ್ಪತ್ತೆರಡು ಗಾಳಿಯಂತ್ರಗಳನ್ನು ತೋರಿಸಿಕೊಂಡು ಬರುವುದು. ಅವಳ ಮೇಜಿನ ಎದುರಿನ ಗೋಡೆಯ ತುಂಬ ವೇಳಾಪಟ್ಟಿ. ಹಳದಿ ಚೀಟಿ ಎಂದರೆ ಮಾತಾಡಲು ಒಪ್ಪಿಕೊಂಡವರು, ಗುಲಾಬಿ ಚೀಟಿ ಎಂದರೆ ಇನ್ನೂ ಮೀನಮೇಷ ಎಣಿಸುತ್ತಿರುವವರು. ಗುಲಾಬಿಯೇ ಜಾಸ್ತಿ. ಒಪ್ಪಿಕೊಂಡವರಿಗೆಲ್ಲ ಮೊದಲ ದಿನದ ಬೆಳಿಗ್ಗೆಯೇ ಬೇಕು. ಊಟವಾದ ಮೇಲಿನ ಹೊತ್ತು ಯಾರಿಗೂ ಬೇಡ. ರೆಕ್ಕೆ ಮಾಡುವ ಕಂಪನಿಯ ಯಜಮಾನರೂ ಗೇರ್ ಮಾಡುವ ಕಂಪನಿಯ ಯಜಮಾನರೂ ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ, ಆದರೆ ಇಬ್ಬರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಲೇಬೇಕು. ಸಾಲದ್ದಕ್ಕೆ ದೊಡ್ಡ ಸಭಾಂಗಣದ ನಟ್ಟನಡುವೆ ಒಂದು ದಪ್ಪ ಕಾಂಕ್ರೀಟು ಕಂಬ. ಅದರ ಹಿಂದಿನ ಹನ್ನೆರಡು ಕುರ್ಚಿಯವರಿಗೆ ಭಾಷಣಕಾರರ ಕೈ ಮಾತ್ರ ಕಾಣುತ್ತದೆ.

"ಆ ಹನ್ನೆರಡನ್ನೂ ಪ್ರಾಯೋಜಕರಿಗೆ ಕೊಟ್ಬಿಡೋಣ ಮೇಡಂ. ಅವರು ಹೇಗೂ ಫೋನೇ ನೋಡ್ತಿರ್ತಾರೆ" ಎಂದು ಹೆಡ್ ಕ್ಲರ್ಕ್ ಸಲಹೆ ಕೊಟ್ಟಿದ್ದರು. ಗಿರಗಿಟ್ಲೆ ನಕ್ಕಿದ್ದಳು, ಆಮೇಲೆ ಯೋಚಿಸಿ ಹಾಗೇ ಮಾಡಿದ್ದಳು.

ಪ್ರಬಂಧಗಳದ್ದು ಬೇರೆಯದೇ ತಲೆನೋವು. ಎಂಬತ್ತಾರು ಬಂದಿದ್ದವು, ಜಾಗ ಇದ್ದದ್ದು ನಲವತ್ತಕ್ಕೆ. ಬರೆದವರ ಹೆಸರು ತೆಗೆದು, ಬರೀ ಸಂಖ್ಯೆ ಹಾಕಿ, ಪ್ರತಿಯೊಂದನ್ನೂ ಮೂವರು ಪರಿಶೀಲಕರಿಗೆ ಕಳಿಸುವುದು ಸಂಘದ ಪದ್ಧತಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಅವಳ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ಅವಳ ಪರ್ಸಿನಲ್ಲಿ.

ಐವತ್ತಮೂರನೆಯ ಪ್ರಬಂಧಕ್ಕೆ ಪಟ್ಟಿ ನೋಡುವ ಅಗತ್ಯವೇ ಬೀಳಲಿಲ್ಲ. ಗುಡ್ಡದ ಮೇಲೊಂದು, ಕೆರೆಯ ಬದಿಗೊಂದು ಅಳತೆಯ ಕಂಬ ನೆಟ್ಟು ಹದಿಮೂರು ವರ್ಷ ಗಾಳಿಯನ್ನು ಅಳೆದ ವಿವರ ಅದರಲ್ಲಿತ್ತು. ಎರಡನೆಯ ಪುಟದಲ್ಲೇ "ಗಾಳಿ ಸುಳ್ಳು ಹೇಳುವುದಿಲ್ಲ, ನಾವು ತಪ್ಪು ಕೇಳಿಸಿಕೊಳ್ಳುತ್ತೇವೆ" ಎಂಬ ವಾಕ್ಯ. ಶಾಲೆಯ ರಜೆಯಲ್ಲಿ ಮಾಮನ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಅವಳು ಈ ಮಾತನ್ನು ನೂರು ಸಲ ಕೇಳಿದ್ದಳು. ಮಾಮ ಕಂಬ ಹತ್ತುತ್ತಿದ್ದ, ಅವಳು ಕೆಳಗೆ ನಿಂತು ಅವನು ಕೂಗಿದ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳು ಈ ಕೆಲಸಕ್ಕೆ ಬಂದದ್ದೇ ಆ ದಾರಿಯಿಂದ.

ಇಬ್ಬರು ಪರಿಶೀಲಕರು ಹತ್ತಕ್ಕೆ ಎಂಟೆಂಟು ಕೊಟ್ಟಿದ್ದರು. ಓದಿ ಅವಳಿಗೆ ತಾನೇ ಪಾಸಾದಷ್ಟು ಖುಷಿಯಾಯಿತು. ಮೂರನೆಯವರು ಅಂಕ ಕೊಟ್ಟಿರಲಿಲ್ಲ. ಬದಲಿಗೆ ಮೂರು ಸಾಲು ಬರೆದಿದ್ದರು: "ಹತ್ತು ವರ್ಷ ಎರಡು ಕಂಬಗಳ ಅಂಕಿಗಳು ಜೊತೆಜೊತೆಯಾಗಿ ಸಾಗಿವೆ. ಹನ್ನೊಂದನೇ ವರ್ಷದಿಂದ ಗುಡ್ಡದ ಗಾಳಿ ಇದ್ದಕ್ಕಿದ್ದಂತೆ ಏರಿದೆ, ಕೆರೆಯ ಗಾಳಿ ಅಷ್ಟೇ ಇಳಿದಿದೆ. ಕಾರಣ ಲೇಖಕರಿಂದ ಬರುವವರೆಗೆ ತಡೆಹಿಡಿಯಿರಿ."

ಬೇರೆ ಯಾರದ್ದಾದರೂ ಆಗಿದ್ದರೆ ಒಂದು ಪತ್ರ ಬರೆದು ಕೈ ತೊಳೆದುಕೊಳ್ಳುತ್ತಿದ್ದಳು. ಮಾಮನಿಗೆ ಸಂಘದ ಮೊಹರಿನ ಪತ್ರ ಹೇಗೆ ಕಳಿಸುವುದು? ಅವಳು ಎರಡು ದಿನ ಆ ಹಾಳೆಯನ್ನು ಎತ್ತಿಡುವುದು, ತೆಗೆದು ನೋಡುವುದು, ಮತ್ತೆ ಎತ್ತಿಡುವುದು ಮಾಡಿ, ಭಾನುವಾರ ಬೆಳಿಗ್ಗೆ ಬ್ಯಾಗಿನಲ್ಲಿ ಹಾಕಿಕೊಂಡು ಮಾಮನ ಮನೆಗೆ ಹೋದಳು.

ಬಾಗಿಲು ತೆಗೆದದ್ದು ಅತ್ತೆ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ.

"ಬಾ ಬಾ. ನಿನ್ನ ಮಾಮನ ಕೋಟಿಗೆ ಇಸ್ತ್ರಿ ಮಾಡ್ತಿದ್ದೆ. ವೇದಿಕೆ ಮೇಲೆ ನಿಂತ್ಕೊಳ್ಳೋನು ಮುದುಡಿಕೊಂಡು ನಿಂತ್ರೆ ಚೆನ್ನಾಗಿರುತ್ತಾ?"

"ಅತ್ತೆ, ಇನ್ನೂ ಐದು ವಾರ ಇದೆ. ಅಲ್ಲದೆ, ಯಾರ್ಯಾರು ಮಾತಾಡ್ತಾರೆ ಅಂತ ಇನ್ನೂ ತೀರ್ಮಾನ ಆಗಿಲ್ಲ."

"ನೀನೇ ಕಾರ್ಯದರ್ಶಿ ಆಗಿದ್ದು ತೀರ್ಮಾನ ಆಗಿಲ್ಲ ಅಂದ್ರೆ ಏನರ್ಥ? ನಾನು ಬೀದಿಗೆಲ್ಲ ಹೇಳಿ ಆಗಿದೆ. ಮೇಲಿದ್ದಾನೆ, ಹೋಗು. ಸರಿಯಾಗಿ ಊಟ ಮಾಡ್ತಿಲ್ಲ, ಏನು ಅಂತ ಕೇಳು. ನನ್ನ ಹತ್ರ ಬಾಯೇ ಬಿಡಲ್ಲ."

ಮಾಮ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಎದುರಿನ ಸ್ಟೂಲಿನ ಮೇಲೆ ಗಾಳಿಯ ವೇಗ ಅಳೆಯುವ ಹಳೆಯ ಉಪಕರಣ ಒಂದನ್ನು ಬಿಚ್ಚಿ ಹರವಿದ್ದ. ಮೂರು ಪುಟ್ಟ ಬಟ್ಟಲು, ಒಂದು ಸರಳು, ನಾಲ್ಕೈದು ತಿರುಪು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಅವಳು ಏನೂ ಪೀಠಿಕೆ ಹಾಕದೆ ಹಾಳೆಯನ್ನು ಅವನ ಕೈಗೆ ಕೊಟ್ಟಳು.

ಮಾಮ ಕನ್ನಡಕ ಏರಿಸಿಕೊಂಡು ಓದಿದ. ಮೂರು ಸಾಲು ಓದಲು ಮೂರು ಪುಟದಷ್ಟು ಹೊತ್ತು ತೆಗೆದುಕೊಂಡ. ಆಮೇಲೆ ಅವನ ಮುಖದಲ್ಲಿ ಕಂಡದ್ದು ಬೇಸರವಲ್ಲ, ಸಿಟ್ಟೂ ಅಲ್ಲ.

"ಅಂತೂ ಒಬ್ಬರು ಹಿಡಿದ್ರು" ಎಂದ.

"ಏನು ಹಿಡಿದ್ರು ಮಾಮ?"

"ಯಾರಾದ್ರೂ ಹಿಡೀಲಿ ಅಂತಲೇ ಬರೆದದ್ದು. ನಾನಾಗಿ ಹೇಳೋಕೆ ಬಾಯಿ ಬರ್ಲಿಲ್ಲ ಗಿರಗಿಟ್ಲೆ. ಹತ್ತೊಂಬತ್ತು ವರ್ಷ ಆಯ್ತು."

ಅವನು ಹೇಳಿದ್ದು ಇಷ್ಟು. ಹನ್ನೊಂದನೇ ವರ್ಷ ಎರಡೂ ಕಂಬಗಳ ಹಳೆಯ ಬಟ್ಟಲುಗಳು ಸವೆದಿದ್ದವು, ಹೊಸವು ಬಂದವು. ಅಂಥ ಪ್ರತಿ ಉಪಕರಣವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಇದು ಇಷ್ಟು ಸುತ್ತು ಸುತ್ತಿದರೆ ಗಾಳಿ ಇಷ್ಟು ಎಂದು ಅದರದೇ ಒಂದು ಚೀಟಿಯನ್ನು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಒಂದರ ಚೀಟಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಎರಡನ್ನೂ ಹೊರತೆಗೆದು ಒರೆಸಿ ಮತ್ತೆ ಡಬ್ಬಿಯಲ್ಲಿಡುವಾಗ ಮಾಮ ಇದರ ಡಬ್ಬಿಯಲ್ಲಿ ಅದನ್ನು, ಅದರ ಡಬ್ಬಿಯಲ್ಲಿ ಇದನ್ನು ಇಟ್ಟಿದ್ದ. ಮೂರು ವರ್ಷ ಅದೇ ತಪ್ಪು ಚೀಟಿಯ ಲೆಕ್ಕದಲ್ಲಿ ಅಂಕಿಗಳು ಪುಸ್ತಕ ಸೇರಿದವು. ಹದಿಮೂರು ವರ್ಷ ಮುಗಿದ ಮೇಲೆ ಕಂಬಗಳನ್ನು ಕೆಡವಿ ಬಟ್ಟಲು ಬಿಚ್ಚಿದಾಗ ತಳದಲ್ಲಿ ಕೊರೆದಿದ್ದ ಸಂಖ್ಯೆ ಓದಿ, ಅದು ಚೀಟಿಯ ಸಂಖ್ಯೆಗೆ ತಾಳೆಯಾಗದ್ದನ್ನು ಕಂಡ. ಅಷ್ಟು ಹೊತ್ತಿಗೆ ವರದಿ ಮೇಲಕ್ಕೆ ಹೋಗಿ ಆರು ತಿಂಗಳಾಗಿತ್ತು. ಮುಂದಿನ ತಿಂಗಳು ಅವನಿಗೆ ದೂರದ ಜಾಗಕ್ಕೆ ವರ್ಗವಾಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಗುಡ್ಡದ ಮೇಲೆ ಇಪ್ಪತ್ತೆರಡು ಯಂತ್ರಗಳು ಎದ್ದು ನಿಂತವು.

"ನೂರಕ್ಕೆ ಮೂರು ಜಾಸ್ತಿ ತೋರಿಸಿದ್ದೀನಿ. ಗಾಳಿಯಲ್ಲಿ ಮೂರು ಅಂದ್ರೆ ಕರೆಂಟಿನಲ್ಲಿ ಏಳೆಂಟು. ನನ್ನ ಮಾತು ನಂಬಿ ಅಷ್ಟು ದೊಡ್ಡ ಮಷೀನು ನಿಲ್ಲಿಸಿದ್ದಾರೆ. ಆ ದಾರೀಲಿ ಬಸ್ಸಿನಲ್ಲಿ ಹೋಗುವಾಗ ಯಾವುದಾದ್ರೂ ಒಂದು ನಿಂತಿದ್ರೆ ನನ್ನಿಂದಲೇ ನಿಂತಿದೆ ಅನ್ನಿಸ್ತಿತ್ತು. ಬರಬರುತ್ತಾ ಆ ದಾರೀನೇ ಬಿಟ್ಟೆ. ನಿಮ್ಮತ್ತೆ ತಂಗಿ ಮನೆಗೆ ಸುತ್ತುಬಳಸಿ ಯಾಕೆ ಹೋಗ್ತೀವಿ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ."

ಗಿರಗಿಟ್ಲೆಯ ಮಟ್ಟಿಗೆ ಅಳತೆಯಲ್ಲಿ ತಪ್ಪದ ಮನುಷ್ಯ ಎಂದರೆ ಮಾಮ. ಅಕ್ಕಿ ಅಳೆಯುವಾಗಲೂ ಪಾವಿನ ಬಾಯನ್ನು ಬೆರಳಿನಲ್ಲಿ ಸವರಿ ಸಮ ಮಾಡುವವನು.

"ಸಮ್ಮೇಳನದಲ್ಲಿ ಎಲ್ಲರ ಎದುರಿಗೆ ಹೇಳ್ಬಿಡ್ತೀನಿ" ಎಂದ ಮಾಮ. "ನೀನು ಅವಕಾಶ ಒಂದು ಕೊಡು. ಆಮೇಲೆ ಯಾರು ಏನಾದ್ರೂ ಅಂದುಕೊಳ್ಳಲಿ."

"ನಾನೂರು ಜನರಿಗೆ ಹೇಳೋಕೆ ಮುಂಚೆ, ಅದನ್ನ ತಿಳಿದಿರೋರು ಒಬ್ಬರಿಗೆ ಹೇಳಬೇಡ್ವಾ ಮಾಮ? ಆ ಯಂತ್ರಗಳನ್ನ ನೋಡ್ಕೊಳ್ಳೋರು ಇದ್ದಾರೆ. ಅವರನ್ನೇ ಕೇಳೋಣ."

ಕೆಳಗಿಳಿದು ಬಂದಾಗ ಅತ್ತೆ ಕೋಟನ್ನು ಹ್ಯಾಂಗರಿಗೆ ಹಾಕಿ ಬಾಗಿಲ ಮೊಳೆಗೆ ನೇತುಹಾಕಿದ್ದರು. "ಏನಂತೆ?" ಎಂದರು. "ಪ್ರಬಂಧದ ವಿಷಯ ಅತ್ತೆ, ಸ್ವಲ್ಪ ತಿದ್ದೋದಿದೆ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಕೇಳೋಣ ಎಂದು ಹೇಳುವುದೇನೋ ಸುಲಭವಾಗಿತ್ತು. ಗುಡ್ಡದ ಯಂತ್ರಗಳ ಉಸ್ತುವಾರಿ ಹೊತ್ತವರನ್ನು ಉದ್ಯಮದಲ್ಲಿ ಎಲ್ಲರೂ ಗುಡ್ಡದ ಮೇಡಂ ಎನ್ನುತ್ತಿದ್ದರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮೂರನೆಯ ದಿನದ ಪ್ರವಾಸ ಪೂರ್ತಿ ಅವರ ಕೈಯಲ್ಲಿ. ಎಂಟು ಬಸ್ಸು ಒಳಗೆ ಬಿಡುವುದರಿಂದ ಹಿಡಿದು ನಾನೂರು ಜನರ ತಲೆಗೆ ಹೆಲ್ಮೆಟ್ ಹೊಂದಿಸುವವರೆಗೆ. ಅವರು ಮುನಿಸಿಕೊಂಡು ಗೇಟು ಹಾಕಿದರೆ ಸಮ್ಮೇಳನದ ಮೂರನೆಯ ಒಂದು ಭಾಗ ಗೋವಿಂದ. ಪ್ರಬಂಧವನ್ನು ಸದ್ದಿಲ್ಲದೆ ತಿರಸ್ಕರಿಸಿದವುಗಳ ಕಟ್ಟಿನಲ್ಲಿ ಸೇರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಸೋಮವಾರ ಬೆಳಿಗ್ಗೆ ಅವಳ ತಲೆಯಲ್ಲಿ ಬಂದು ಹೋಯಿತು. ಬಂದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಗಿ, ತಕ್ಷಣ ಫೋನ್ ಮಾಡಿದಳು. ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿದಳು, ಬರೆದವರು ತನ್ನ ಸೋದರಮಾವ ಎನ್ನುವುದನ್ನೂ ಸೇರಿಸಿ.

"ಯಾವ ವರ್ಷದ ವರದಿ ಅಂದ್ರಿ?" ಎಂದರು ಗುಡ್ಡದ ಮೇಡಂ. ಹೇಳಿದಳು. "ಬುಧವಾರ ಮಧ್ಯಾಹ್ನ ಬರ್ತೀನಿ. ಅವರಿಗೂ ಬರೋಕೆ ಹೇಳಿ." ಅಷ್ಟೇ. ದನಿಯಲ್ಲಿ ಸಿಟ್ಟು ಇದೆಯೋ ಇಲ್ಲವೋ ಕಂಡುಹಿಡಿಯುವ ಯಂತ್ರ ಇನ್ನೂ ಬಂದಿಲ್ಲ.

ಆ ಎರಡು ದಿನ ಅವಳು ಮಾಡಿದ ಕೆಲಸವನ್ನು ಆಮೇಲೆ ಹೆಡ್ ಕ್ಲರ್ಕ್ ಮತ್ತೆ ಮಾಡಬೇಕಾಯಿತು. ಬ್ಯಾಡ್ಜುಗಳಲ್ಲಿ ಅಧ್ಯಕ್ಷರನ್ನು ಸ್ವಯಂಸೇವಕರೆಂದು ಅಚ್ಚು ಹಾಕಿಸಿದ್ದಳು. ರೆಕ್ಕೆ ಯಜಮಾನರನ್ನೂ ಗೇರ್ ಯಜಮಾನರನ್ನೂ ಅಕ್ಕಪಕ್ಕ ಕೂರಿಸಿದ್ದಳು. ಸಂಘದ ಅಧ್ಯಕ್ಷರು ಮಂಗಳವಾರ ಬಂದು ಗೋಡೆಯ ಎದುರು ನಿಂತು, "ಎರಡನೇ ದಿನ ಮಧ್ಯಾಹ್ನದ ಊಟ ಎಲ್ಲಿದೆಯಮ್ಮ?" ಎಂದು ಕೇಳಿದರು. ಊಟದ ಚೀಟಿ ಕೆಳಗೆ ಬಿದ್ದು ಅವಳ ಚಪ್ಪಲಿಗೆ ಅಂಟಿಕೊಂಡಿತ್ತು.

ಬುಧವಾರ ಮಾಮ ಒಂದು ಗಂಟೆ ಮೊದಲೇ ಬಂದ. ಅತ್ತೆ ಇಸ್ತ್ರಿ ಮಾಡಿದ್ದ ಕೋಟು ಹಾಕಿಕೊಂಡಿದ್ದ. ಅತ್ತೆಗೆ ಏನು ಹೇಳಿ ಬಂದೆ ಎಂದು ಕೇಳಿದರೆ, "ಅಳತೆ ಸರಿ ಇದೆಯಾ ಅಂತ ಹಾಕಿ ನೋಡ್ತೀನಿ ಅಂದೆ" ಎಂದ.

ಗುಡ್ಡದ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಿಸಿಲಿಗೆ ಕಂದಿದ ಮುಖ, ಧೂಳು ಹಿಡಿದ ಬೂಟು, ಕಂಕುಳಲ್ಲಿ ನೀಲಿ ರಟ್ಟಿನ ಹಳೆಯ ಕಡತ. ಸಣ್ಣ ಸಭೆಗಳ ಕೋಣೆಯಲ್ಲಿ ಮೂವರೂ ಕೂತರು. ಮಾಮನನ್ನು ಪರಿಚಯಿಸಲು ಅವಳು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತು ಜೀಪಿನ ಬಾನೆಟ್ಟಿನಿಂದ ಶುರುಮಾಡಿ, ತಳದ ಸಂಖ್ಯೆಯವರೆಗೆ ಒಂದೇ ಉಸಿರಿಗೆ ಹೇಳಿದ. ಕೊನೆಗೆ, "ತಪ್ಪು ನನ್ನದು. ನನ್ನ ಕೈಕೆಳಗಿನವರದ್ದು ಯಾರದ್ದೂ ಅಲ್ಲ. ಬರೆದು ಕೊಡಿ ಅಂದ್ರೆ ಬರೆದು ಕೊಡ್ತೀನಿ" ಎಂದು ಕೂತ.

ಗುಡ್ಡದ ಮೇಡಂ ಕಡತ ಬಿಚ್ಚಿದರು. ಒಂದೊಂದೇ ಹಾಳೆ ಮಗುಚಿದರು. ಆಮೇಲೆ ಕಡತವನ್ನು ತಿರುಗಿಸಿ ಮಾಮನ ಮುಂದೆ ಸರಿಸಿದರು.

"ಇದು ನಿಮ್ಮ ವರದೀನೇ ಅಲ್ವಾ ಸರ್?"

ಮಾಮನದೇ. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದದ್ದು ಮಾಸಿದ್ದರೂ ಓದಬಹುದಿತ್ತು. ಗಿರಗಿಟ್ಲೆ ಬಗ್ಗಿ ಓದಿದಳು: "ಗುಡ್ಡ ಏರಿದಷ್ಟೇ ಕೆರೆ ಇಳಿದಿದೆ. ಡಬ್ಬಿಗಳು ಅದಲುಬದಲಾದಂತಿದೆ. ನಾವೇ ಒಂದು ಕಂಬ ನೆಟ್ಟು ನೋಡುವುದು."

"ಇದು ನನಗಿಂತ ಮುಂಚೆ ಇದ್ದ ಎಂಜಿನಿಯರ್ ಅಕ್ಷರ" ಎಂದರು ಗುಡ್ಡದ ಮೇಡಂ. "ಅವರು ಕಂಬ ನೆಟ್ಟು ಹದಿನಾಲ್ಕು ತಿಂಗಳು ಮತ್ತೆ ಅಳೆದ್ರು. ನೂರಕ್ಕೆ ಮೂರೇ ವ್ಯತ್ಯಾಸ ಬಂತು, ನೀವು ಹೇಳಿದಷ್ಟೇ. ಯಂತ್ರ ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಲೆಕ್ಕ ಹಾಕಿದ್ದು ಆ ಹೊಸ ಅಂಕಿ ಇಟ್ಕೊಂಡು. ನಿಮ್ಮ ಕೊನೆಯ ಮೂರು ವರ್ಷದ್ದನ್ನು ತಿದ್ದಿಕೊಂಡ್ರು. ಉಳಿದ ಹತ್ತು ವರ್ಷ ಇವತ್ತಿಗೂ ನಮಗೆ ಆಧಾರ."

ಮಾಮ ಆ ಪೆನ್ಸಿಲಿನ ಸಾಲುಗಳ ಕೆಳಗೆ ಬೆರಳಿಟ್ಟು ಮತ್ತೊಮ್ಮೆ ಓದಿದ.

"ಡಬ್ಬಿ ಬದಲಾಗಿದೆಯಾ ಅಂತ ಆಗಲೇ ನಿಮ್ಮ ಕಚೇರಿಗೆ ಕಾಗದಾನೂ ಬರೆದಿದ್ದಾರೆ ಸರ್. ನಕಲು ಇಲ್ಲಿದೆ. ನಿಮ್ಮ ಹೆಸರಿಗೇ."

ತಾರೀಖು ನೋಡಿದಳು. ಮಾಮನಿಗೆ ವರ್ಗವಾಗಿ ಮೂರು ತಿಂಗಳಾದ ಮೇಲೆ ಬರೆದದ್ದು. ಯಾರೂ ಕೂರದ ಮೇಜಿನ ಮೇಲೆ ಬಂದು ಬಿದ್ದು, ಯಾವುದೋ ಕಟ್ಟಿನಲ್ಲಿ ಸೇರಿಹೋಗಿರಬೇಕು.

"ಹಾಗಾದ್ರೆ ಆ ಯಂತ್ರಗಳು..." ಎಂದ ಮಾಮ.

"ಹೇಳಿದಷ್ಟು ಕೆಲಸ ಮಾಡ್ತಿವೆ. ಒಂದೊಂದು ವರ್ಷ ಸ್ವಲ್ಪ ಜಾಸ್ತೀನೇ."

"ನಾನು ಹೋಗುವಾಗೆಲ್ಲ ಒಂದೆರಡು ನಿಂತೇ ಇರ್ತಿದ್ವಲ್ಲ?"

ಗುಡ್ಡದ ಮೇಡಂ ಮುಖದಲ್ಲಿ ಗಿರಗಿಟ್ಲೆ ಮೊದಲ ಸಲ ನಗು ಕಂಡಳು. "ಯಾವ ವಾರ ಹೋಗ್ತಿದ್ರಿ?"

"ಶನಿವಾರ. ನನ್ನ ನಾದಿನಿ ಮನೆಗೆ."

"ಶನಿವಾರ ನಾವು ಗ್ರೀಸ್ ಹಾಕೋ ದಿನ ಸರ್. ನಿಲ್ಲಿಸ್ದೇ ಹಾಕೋಕಾಗುತ್ತಾ?"

ಮಾಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಹೆಗಲು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡು ಅವಳು ಎದ್ದಳು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು, ಅದು ಯಾವುದರದ್ದೆಂದು ಹೇಳುವುದು ಕಷ್ಟ. ಕೋಟಿನ ಗುಂಡಿ ಬಿಚ್ಚಿಕೊಂಡು, ಕುರ್ಚಿಗೆ ಬೆನ್ನು ಕೊಟ್ಟು, ಉದ್ದಕ್ಕೆ ಒಂದು ಉಸಿರು ಬಿಟ್ಟ. "ಗಿರಗಿಟ್ಲೆ, ತಿನ್ನೋಕೆ ಏನಾದ್ರೂ ಇದೆಯಾ? ಹಸಿವಾಗ್ತಿದೆ" ಎಂದ.

ಹೆಡ್ ಕ್ಲರ್ಕ್ ತಂದಿಟ್ಟ ಒಂದು ಪೊಟ್ಟಣ ಬಿಸ್ಕತ್ತನ್ನು ಅವನೊಬ್ಬನೇ ಮುಗಿಸಿದ. ಅವಳಿಗೂ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಗಿತ್ತು. ಗುಡ್ಡದ ಮೇಡಂ ಕಡತ ಕಟ್ಟಿಕೊಳ್ಳುತ್ತ, "ಬಸ್ಸು ಎಂಟಲ್ಲ, ಆರೇ ಸಾಕು. ರಸ್ತೆ ಕಿರಿದು" ಎಂದು ಏನೂ ಆಗದವರಂತೆ ಕೆಲಸದ ಮಾತಿಗೆ ಬಂದರು.

ಅವರು ಹೊರಟ ಮೇಲೆ ಅವಳು ಮಾಮನಿಗೆ ಹೇಳಿದಳು: "ಈ ವಿವರಣೆ ಬರೆದುಕೊಡು. ಮೂರನೇ ಪರಿಶೀಲಕರು ಒಪ್ತಾರೆ. ಎರಡನೇ ದಿನ ಹನ್ನೊಂದು ಇಪ್ಪತ್ತಕ್ಕೆ ಇಪ್ಪತ್ತು ನಿಮಿಷ ಜಾಗ ಇಟ್ಟಿದ್ದೀನಿ."

ಮಾಮ ಗಾಬರಿಯಾಗಿ ನೋಡಿದ. "ಇನ್ಯಾಕೆ?"

"ಯಾಕೆ ಅಂದ್ರೆ?"

"ಹೇಳಬೇಕಾದ್ದು ಹೇಳಿ ಆಯ್ತಲ್ಲಮ್ಮ. ನಾನೂರು ಜನರ ಎದುರಿಗೆ ನಿಂತ್ಕೊಂಡು ಮಾತಾಡೋ ಜೀವ ಅಲ್ಲ ನಂದು. ಕನ್ನಡಿ ಎದುರಿಗೆ ನಿಂತು ಹೇಳಿ ನೋಡಿದೆ, ಕನ್ನಡೀಲಿ ಇರೋನ ಎದುರಿಗೇ ನಾಲಿಗೆ ಒಣಗಿತು. ತಪ್ಪು ಒಪ್ಪಿಕೊಳ್ಳಬೇಕು ಅನ್ನೋ ಒಂದೇ ಕಾರಣಕ್ಕೆ ಧೈರ್ಯ ಮಾಡಿದ್ದೆ. ಆ ಪ್ರಬಂಧ ವಾಪಸ್ ಕೊಟ್ಬಿಡು."

ಅವಳು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೆ ಹಗುರವಾಯಿತು. ಅಕ್ಕನ ಮಗಳೇ ಕಾರ್ಯದರ್ಶಿ, ಮಾಮನೇ ಭಾಷಣಕಾರ ಎಂದು ನಾಳೆ ಯಾರೂ ಮೂಗು ಮುರಿಯುವ ಹಾಗಿಲ್ಲ. ಅತ್ತೆಯನ್ನು ಸಮಾಧಾನ ಮಾಡುವ ಕೆಲಸ ಮಾತ್ರ ಇಬ್ಬರಿಗೂ ಸೇರಿ ಒಂದು ವಾರ ಹಿಡಿಯಿತು. ಮಾಮ ಎಲ್ಲವನ್ನೂ ಬಿಚ್ಚಿ ಹೇಳಿದ. ಅತ್ತೆಗೆ ಡಬ್ಬಿ ಅದಲುಬದಲಾದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತಂಗಿಯ ಮನೆಗೆ ಅಷ್ಟು ವರ್ಷ ಸುತ್ತುದಾರಿಯಲ್ಲಿ ಕರೆದೊಯ್ದದ್ದಕ್ಕೆ. "ಒಂದು ಗಂಟೆ ಜಾಸ್ತಿ ಕೂತಿದ್ದೀನಿ ಬಸ್ಸಲ್ಲಿ, ಪ್ರತಿ ಸಲ" ಎಂದರು. ಬೀದಿಯವರಿಗೆ ಕೊನೆಗೆ, ಮಾಮನನ್ನು ಸಮ್ಮೇಳನಕ್ಕೆ ವಿಶೇಷ ಆಹ್ವಾನಿತರೆಂದು ಕರೆದಿದ್ದಾರೆ ಎಂದು ಹೇಳಿಕೊಂಡರು. ಸುಳ್ಳೇನಲ್ಲ, ಗಿರಗಿಟ್ಲೆ ಇಬ್ಬರಿಗೂ ಬ್ಯಾಡ್ಜು ಮಾಡಿಸಿಕೊಟ್ಟಿದ್ದಳು.

ಹನ್ನೊಂದು ಇಪ್ಪತ್ತರ ಜಾಗಕ್ಕೆ ಇನ್ಯಾರನ್ನು ಹಾಕುವುದು ಎಂದು ಅಧ್ಯಕ್ಷರು ಕೇಳಿದರು. ಅವಕಾಶಕ್ಕೆ ಕಾಯುತ್ತಿದ್ದವರ ಪಟ್ಟಿಯಲ್ಲಿ ಹದಿನೈದು ಜನ ಇದ್ದರು. ಅವಳು ಗೋಡೆಯ ಮುಂದೆ ನಿಂತು, ಉಸಿರಾಡಲೂ ಸಂದು ಇಲ್ಲದಂತೆ ಅಂಟಿಸಿದ್ದ ಚೀಟಿಗಳನ್ನು ನೋಡಿ, "ಯಾರನ್ನೂ ಬೇಡ ಸರ್. ಟೀ ವಿರಾಮ ಇಪ್ಪತ್ತು ನಿಮಿಷ ಜಾಸ್ತಿ ಮಾಡೋಣ" ಎಂದಳು. ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು, ಆಮೇಲೆ ತಾವೂ ಎರಡು ದಿನ ಆ ಕುರ್ಚಿಗಳಲ್ಲೇ ಕೂರಬೇಕೆಂಬುದು ನೆನಪಾಗಿ ತಲೆಯಾಡಿಸಿದರು.

ಸಮ್ಮೇಳನ ನಡೆಯಿತು. ಪ್ರೊಜೆಕ್ಟರ್ ಒಂದು ಸಲ ಕೈಕೊಟ್ಟಿತು, ಒಬ್ಬ ಭಾಷಣಕಾರರು ತಪ್ಪಿ ಪಕ್ಕದ ಸಭಾಂಗಣಕ್ಕೆ ಹೋಗಿ ಅಲ್ಲೇ ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡರು. ಅದಕ್ಕಿಂತ ದೊಡ್ಡ ಅನಾಹುತ ಏನೂ ಆಗಲಿಲ್ಲ. ಎರಡನೆಯ ದಿನದ ಉದ್ದನೆಯ ಟೀ ವಿರಾಮದಲ್ಲಿ ಗಿರಗಿಟ್ಲೆ ಕಾರಿಡಾರಿಗೆ ಬಂದಾಗ ಕಿಟಕಿಯ ಬಳಿ ಒಂದು ಗುಂಪು ನೆರೆದಿತ್ತು. ನಡುವೆ ಮಾಮ. ಎರಡು ಟೀ ಲೋಟಗಳನ್ನು ಬಟ್ಟಲಿನಂತೆ ಹಿಡಿದು, ಎರಡು ತಟ್ಟೆಗಳನ್ನು ಡಬ್ಬಿ ಮಾಡಿಕೊಂಡು, ಇದನ್ನು ಅದರಲ್ಲಿಟ್ಟೆ, ಅದನ್ನು ಇದರಲ್ಲಿಟ್ಟೆ ಎಂದು ತೋರಿಸುತ್ತಿದ್ದ. ಏಳೆಂಟು ಎಂಜಿನಿಯರುಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಬ್ಬಳು ಬರೆದುಕೊಳ್ಳುತ್ತಿದ್ದಳು.

ಪಕ್ಕದಲ್ಲಿ ನಿಂತಿದ್ದ ಅತ್ತೆ ಅವಳ ಕಿವಿಯ ಬಳಿ ಬಗ್ಗಿ, "ಇಷ್ಟು ಮಾತಾಡೋನಿಗೆ ವೇದಿಕೆ ಹತ್ತೋಕೆ ಏನು ರೋಗ ಬಂದಿತ್ತು?" ಎಂದರು. ದನಿಯಲ್ಲಿ ಮುನಿಸಿರಲಿಲ್ಲ.

ಗಿರಗಿಟ್ಲೆ ಒಂದು ಲೋಟ ಟೀ ತೆಗೆದುಕೊಂಡು ಗೋಡೆಯ ಬದಿಯ ಬೆಂಚಿನ ಮೇಲೆ ಕೂತಳು. ಎರಡು ದಿನದಲ್ಲಿ ಅವಳು ಕೂತು ಕುಡಿದ ಮೊದಲ ಟೀ ಅದು. ಹೆಡ್ ಕ್ಲರ್ಕ್ ದೂರದಿಂದ ಗಡಿಯಾರ ತೋರಿಸಿದರು. ಇನ್ನೂ ಹನ್ನೆರಡು ನಿಮಿಷ ಇತ್ತು. ಅವಳು ಕಾಲು ಚಾಚಿಕೊಂಡಳು.